ಊಟದ ನಂತರದ ಕೆಲಸ

ನನ್ನ ಕೆಳದುಟಿ ಒಡೆದು, ಮುಂದಿನ ಎರಡು ಹಲ್ಲು ಅಲುಗಾಡುತ್ತಿದ್ದ ದಿನ ನಾನು ಮೊದಲ ಸಲ ದೊಡ್ಡ ಹೋಟೆಲಿನಲ್ಲಿ ಊಟ ಮಾಡಿದೆ. ಆ ಏಟು ಕೊಟ್ಟವನು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ನನ್ನ ತಟ್ಟೆಯ ಮಾಂಸವನ್ನು ಕತ್ತರಿಸಿ ಕೊಟ್ಟವನೂ ಅವನೇ.

ಐವತ್ತರ ದಶಕದ ನಡುವಿನ ಮಾತು ಇದು. ಆಗಷ್ಟೇ ನನಗೆ ಇಪ್ಪತ್ತು ದಾಟಿತ್ತು. ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದ್ದೆ. ಇಡ್ಲಿ ದೋಸೆಗೆ ಬೇಕಾದ ಹಿಟ್ಟೆಲ್ಲ ಆಗ ಕೈಯಲ್ಲೇ ರುಬ್ಬಬೇಕಿತ್ತು. ಗುಂಡುಕಲ್ಲು ತಿರುಗಿಸಿ ತಿರುಗಿಸಿ ನನ್ನ ಹೆಗಲು, ತೋಳು ಎರಡೂ ಕಲ್ಲಿನ ಹಾಗೇ ಆಗಿದ್ದವು. ಸಂಜೆ ಕೈ ತೊಳೆದುಕೊಂಡು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ನನ್ನಂತೆ ಹೋಟೆಲುಗಳಿಂದ ಬಂದವರೇ ಅಲ್ಲಿ ತುಂಬಿದ್ದರು. ಅರ್ಧ ತರಗತಿ ತೂಕಡಿಸುತ್ತಿತ್ತು.

ಓದಿಗಿಂತ ನನಗೆ ತಿನ್ನುವ ಹುಚ್ಚು ಹೆಚ್ಚು. ನಾನು ಕೆಲಸ ಮಾಡುತ್ತಿದ್ದುದು ಶುದ್ಧ ಸಸ್ಯಾಹಾರಿ ಅಡುಗೆಮನೆ. ನಮ್ಮ ಮನೆಯವರು ಮೀನು ಕೋಳಿ ಬಿಟ್ಟವರಲ್ಲ. ರಜೆ ಸಿಕ್ಕಿದ ದಿನ ಕಾಲ್ನಡಿಗೆಯಲ್ಲೇ ಊರು ಸುತ್ತುತ್ತಿದ್ದೆ. ಇರಾನಿಯ ಅಂಗಡಿಯಲ್ಲಿ ಖೀಮಾ ಪಾವ್, ಭೇಂಡಿ ಬಜಾರಿನಲ್ಲಿ ಸುಟ್ಟ ಕಬಾಬು, ಗಿರ್ಗಾಂವ್‌ನ ಖಾನಾವಳಿಯಲ್ಲಿ ಬಾಂಗಡೆ ಸಾರು. ಯಾವ ಗಲ್ಲಿಯಲ್ಲಿ ಏನು ಸಿಗುತ್ತದೆ, ಎಷ್ಟು ಹೊತ್ತಿಗೆ ಬಿಸಿಯಾಗಿ ಸಿಗುತ್ತದೆ ಎಂಬುದು ನನ್ನ ಮೂಗಿಗೆ ಗೊತ್ತಿತ್ತು. ಸಮುದ್ರದ ಎದುರಿನ ದೊಡ್ಡ ಹೋಟೆಲುಗಳ ಮುಂದೆ ಮಾತ್ರ ನಡಿಗೆ ನಿಧಾನ ಮಾಡಿ ಹಾದುಹೋಗುತ್ತಿದ್ದೆ. ಅಲ್ಲಿಂದ ಅಡುಗೆಯ ವಾಸನೆಯೇ ಬರುತ್ತಿರಲಿಲ್ಲ. ಅಡುಗೆಯ ವಾಸನೆ ಹೊರಗೆ ಬಿಡದ ಹೋಟೆಲಿನಲ್ಲಿ ಏನು ಬಡಿಸುತ್ತಾರೋ ಎಂದು ಆಶ್ಚರ್ಯ.

ಹೊಡೆದಾಟ ನನಗೆ ಬಂದದ್ದು ಅಡುಗೆಮನೆಯಲ್ಲೇ. ಪಾತ್ರೆ ತೊಳೆಯುತ್ತಿದ್ದ ಒಬ್ಬ ಆಳು ಯಾವುದೋ ಹಳೇ ಸಿಟ್ಟಿಗೆ ಒಂದು ಮಧ್ಯಾಹ್ನ ನನ್ನ ಕಾಲ ಮೇಲೆ ಕುದಿಯುವ ನೀರು ಸುರಿದ. ಚರ್ಮ ಸುಲಿದು ಬಂತು. ನಾನು ಎದ್ದು ಅವನ ದವಡೆಗೆ ಒಂದೇ ಏಟು ಕೊಟ್ಟೆ. ಅವನು ಪಾತ್ರೆಗಳ ರಾಶಿಯ ಮೇಲೆ ಬಿದ್ದ, ಬಹಳ ಹೊತ್ತು ಏಳಲಿಲ್ಲ. ಸತ್ತೇಹೋದ ಎಂದು ಎಲ್ಲರೂ ತಿಳಿದರು. ಗಲಾಟೆ ಕೇಳಿ, ಹೊರಗೆ ಚಹಾ ಕುಡಿಯುತ್ತಿದ್ದ ಗಿರಾಕಿಯೊಬ್ಬರು ಒಳಗೆ ಬಂದರು. ಮಿಲಿಟರಿ ಬಿಟ್ಟು ಬಂದ ಬೆಳಗಾವಿಯವರು. ನಾಗಪಾಡಾದಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದರಂತೆ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಬಿದ್ದವನ ಮುಖಕ್ಕೆ ನೀರು ಚಿಮುಕಿಸಿ, ನನ್ನ ಕೈ ಹಿಡಿದು ಗೆಣ್ಣುಗಳನ್ನು ಒತ್ತಿ ನೋಡಿದರು.

"ಕೈ ಛಲೋ ಅದಾವ," ಅಂದರು. "ತಲಿ ಇಲ್ಲ. ನಾಡಿದ್ದಿನಿಂದ ನಾಗಪಾಡಾಕ್ಕ ಬಾ."

ಅವರ ಕಲಿಕೆ ಎಂದರೆ ಹೊಡೆತ ತಿನ್ನುವುದು. ಚಕ್ಕಳಮಕ್ಕಳ ಕೂರಿಸಿ, ಮರಳು ತುಂಬಿದ ಚೀಲದಿಂದ ಹೊಟ್ಟೆಗೆ ಬಡಿಯುತ್ತಿದ್ದರು. ಉಸಿರು ಬಿಟ್ಟರೆ ಮತ್ತೆ ಬಡಿತ. ನನ್ನ ಹೊಟ್ಟೆಯ ಮೇಲೆ ಅವರಿಗೆ ವಿಶೇಷ ಕೋಪ. "ಎಷ್ಟ್ ತಿಂತೀಯೋ ನೀ? ತುಂಬಿದ ಹೊಟ್ಟಿ ಮ್ಯಾಲೆ ಒಂದ್ ಏಟು ಬಿತ್ತಂದ್ರ ಮುಗೀತು, ತಿಳ್ಕೋ," ಎನ್ನುತ್ತಿದ್ದರು. ನಾನು ಹೂಂಗುಟ್ಟಿ, ವಾಪಸು ಹೋಗುವ ದಾರಿಯಲ್ಲಿ ಕಬಾಬು ತಿನ್ನುತ್ತಿದ್ದೆ. ಆದರೂ ಗೆಲ್ಲುತ್ತಿದ್ದೆ. ಎದುರಿನವನ ಮುಖಕ್ಕೆ ಕೈ ತಾಗಿದಾಗ ಹೆಗಲವರೆಗೆ ಏರುವ ಆ ಜುಮ್ಮು ನನಗೆ ಇಷ್ಟವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಪರೇಲ್‌ನಲ್ಲಿ ಒಂದು ಪಂದ್ಯ. ಮೈದಾನದಲ್ಲಿ ಹಗ್ಗ ಕಟ್ಟಿ ರಿಂಗ್ ಮಾಡಿದ್ದರು. ತೂಕಕ್ಕೆಂದು ಹಿಂದಿನ ದಿನದಿಂದ ನನಗೆ ಉಸ್ತಾದರು ಅನ್ನ ಕೊಟ್ಟಿರಲಿಲ್ಲ. ಎದುರಾಳಿ ರೈಲ್ವೆಯಲ್ಲಿ ಫೈರ್‌ಮ್ಯಾನ್, ಇಂಜಿನ್ನಿಗೆ ಕಲ್ಲಿದ್ದಲು ಹಾಕುವವನು. ಆಂಗ್ಲೋ ಇಂಡಿಯನ್. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಉದ್ದನೆಯ ಕೈಗಳು, ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಚಿಕ್ಕ ಚಿಕ್ಕ ಕಲೆಗಳು.

ಮೊದಲ ಸುತ್ತಿನಲ್ಲಿ ನಾನೇ ಮುಂದಿದ್ದೆ. ಅವನ ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಜನ ಕೂಗಿದರು. ಎರಡನೆಯ ಸುತ್ತಿನಲ್ಲಿ ಅವನು ಆ ರಕ್ತವನ್ನು ಒರೆಸಿಕೊಳ್ಳದೆಯೇ ಬಂದ. ಅವನ ಎಡಗೈ ಎಲ್ಲಿಂದ ಬಂತೆಂದು ನಾನು ನೋಡಲೇ ಇಲ್ಲ. ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. ಬಾಯಿ ತುಂಬ ಉಪ್ಪುಪ್ಪು. ಅವನ ಮೊಣಕೈಗೆ ಬಡಿದು ನನ್ನ ಬಲಗೈ ಹೆಬ್ಬೆರಳು ಹಿಂದಕ್ಕೆ ಮಡಚಿಕೊಂಡಿತು. ಮೂರನೆಯ ಸುತ್ತಿನಲ್ಲಿ ಪಕ್ಕೆಗೆ ಬಿದ್ದ ಏಟಿಗೆ ಮೊಣಕಾಲೂರಿದೆ. ಎದ್ದೆ. ಮತ್ತೆ ಬಿದ್ದೆ. ಮತ್ತೆ ಏಳಲು ಹೊರಟಾಗ ರೆಫರಿ ನನ್ನ ಹೆಗಲು ಒತ್ತಿ ಹಿಡಿದರು.

ಮೊದಲ ಸಾಲಿನಲ್ಲಿ ಒಬ್ಬ ಮಿಲ್ ಮಾಲೀಕ, ಆ ದಿನದ ಮುಖ್ಯ ಅತಿಥಿ, ಬೆಳ್ಳಗಿನ ಕೋಟು ತೊಟ್ಟು ಕೂತಿದ್ದ. ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ. ಎಲ್ಲರೂ ಸೇಠ್ ಎನ್ನುತ್ತಿದ್ದರು. ಫೈರ್‌ಮ್ಯಾನ್‌ಗೆ ಕಪ್ ಕೊಟ್ಟು, ನನ್ನ ಕಡೆಗೂ ಬಂದು ಹಿಂದಿಯಲ್ಲಿ ಹೇಳಿದ: "ನೀನೂ ಬಾ. ಬಹುತ್ ಅಚ್ಛಾ ಲಡಾ, ಚೆನ್ನಾಗಿ ಹೊಡೆದಾಡಿದೆ. ಇವತ್ತು ಇಬ್ಬರ ಊಟವೂ ನನ್ನ ಕಡೆಯಿಂದ." ಎಲ್ಲಿ ಊಟ ಎಂದು ಅವನ ಕಾರಿನ ಡ್ರೈವರ್ ಹೇಳಿದಾಗ ನನ್ನ ಪಕ್ಕೆಯ ನೋವು ಅರ್ಧ ಇಳಿಯಿತು. ಸಮುದ್ರದ ಎದುರಿನ ಹೋಟೆಲುಗಳಲ್ಲೊಂದು.

ಉಸ್ತಾದರು ನನ್ನ ಹೆಬ್ಬೆರಳಿಗೆ ಬಟ್ಟೆ ಸುತ್ತುತ್ತಿದ್ದರು. "ಮನೀಗ್ ಹೋಗಿ ಗಂಜಿ ಕುಡದು ಮಲ್ಕೋ," ಅಂದರು. "ಅವರ ಊಟ ನಮಗ್ಯಾಕ?"

"ಒಂದ್ಸಲ ನೋಡಿಕೊಂಡು ಬರ್ತೇನೆ," ಅಂದೆ.

ಅವರು ಗಂಟು ಬಿಗಿದು ಎದ್ದು ಹೋದರು.

ಕಾರಿನಲ್ಲಿ ಫೈರ್‌ಮ್ಯಾನ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಇಬ್ಬರ ಮೈಯಿಂದಲೂ ನೋವಿನೆಣ್ಣೆಯ ವಾಸನೆ. ಹೋಟೆಲಿನ ಬಾಗಿಲಲ್ಲಿ ಕೋಟಿಲ್ಲದವರಿಗೆ ಪ್ರವೇಶವಿಲ್ಲ ಎಂದು ತಡೆದರು. ಆಮೇಲೆ ಅವರೇ ಒಳಗಿನಿಂದ ಒಂದು ಕೋಟು ತಂದು ನನಗೆ ತೊಡಿಸಿದರು. ತೋಳು ಗಿಡ್ಡವಾಗಿ, ಹೆಗಲ ಹೊಲಿಗೆ ಬಿಗಿಯುತ್ತಿತ್ತು. ಮುಖ ತೊಳೆಯುವ ಕೋಣೆಯಲ್ಲಿ ನಾನು ಉಗಿದ ರಕ್ತ ಬಿಳಿ ಬೋಗುಣಿಯಲ್ಲಿ ಎಳೆ ಎಳೆಯಾಗಿ ಇಳಿದುಹೋಗುವುದನ್ನು ಅಲ್ಲಿನ ಆಳು ನೋಡಿ, ಏನೂ ಆಗಿಲ್ಲವೆಂಬಂತೆ ಟವೆಲ್ ಚಾಚಿದ.

ಊಟ ಮೊದಲ ಮಹಡಿಯ ಒಂದು ಖಾಸಗಿ ಕೋಣೆಯಲ್ಲಿ. ಕಿಟಕಿಯಾಚೆ ಬಿಸಿಲಿನಲ್ಲಿ ಸಮುದ್ರ ಉರಿಯುತ್ತಿತ್ತು. ಉದ್ದನೆಯ ಮೇಜು, ಗಂಜಿ ಹಾಕಿದ ಬಿಳಿ ಬಟ್ಟೆ, ಪ್ರತಿಯೊಬ್ಬರ ಮುಂದೆಯೂ ಚೂರಿ ಚಮಚಗಳ ಸಾಲು. ಸೇಠನ ಜೊತೆ ಅವನ ಅಣ್ಣನ ಮಗ ಇದ್ದ. ನನ್ನದೇ ವಯಸ್ಸಿನವನು, ವಿಲಾಯತಿಯ ಕಾಲೇಜಿನಲ್ಲಿ ಬಾಕ್ಸಿಂಗ್ ಆಡಿದ್ದನಂತೆ. ಉಳಿದವರು ಸೇಠನ ಸ್ನೇಹಿತರು. ಅವರಲ್ಲೊಬ್ಬ ರೈಲ್ವೆಯ ದೊಡ್ಡ ಅಧಿಕಾರಿ. ಎಲ್ಲರೂ ಊಟಕ್ಕೆ ಮೊದಲೇ ಚಹಾ ಕುಡಿಯುತ್ತಿದ್ದರು. ಪಿಂಗಾಣಿಯ ಟೀ ಕಿತ್ತಲಿಯಿಂದ ಬಗ್ಗಿಸಿದ ಚಹಾದಿಂದ ಹಬೆ ಏಳುತ್ತಿರಲಿಲ್ಲ. ಆಗ ಮುಂಬಯಿಯಲ್ಲಿ ಪಾನನಿರೋಧ. ಕಿತ್ತಲಿಯಲ್ಲಿದ್ದುದು ವಿಸ್ಕಿ ಎಂದು ವಾಸನೆಯಿಂದ ನನಗೆ ತಿಳಿಯಿತು.

ಮೊದಲು ಸೂಪು ಬಂತು. ಎಷ್ಟು ತಿಳಿಯಾಗಿತ್ತೆಂದರೆ ತಟ್ಟೆಯ ತಳದಲ್ಲಿ ಬರೆದಿದ್ದ ನೀಲಿ ಹೂವಿನ ದಳಗಳನ್ನು ನೋಡಬಹುದಿತ್ತು. ನೀರು ಕೊಟ್ಟಿದ್ದಾರೆ ಎಂದುಕೊಂಡೆ. ಬಾಯಿಗಿಟ್ಟರೆ ಒಂದಿಡೀ ಕೋಳಿಯನ್ನು ದಿನವೆಲ್ಲ ಕುದಿಸಿ ಇಳಿಸಿದ ರುಚಿ. ತುಟಿಯ ಗಾಯಕ್ಕೆ ಉಪ್ಪು ತಾಗಿ ಕಣ್ಣಲ್ಲಿ ನೀರು ಬಂತು. ಅದರ ಜೊತೆಯಲ್ಲೇ ಇನ್ನೊಂದು ಚಮಚ ತೆಗೆದುಕೊಂಡೆ. ನೋವು, ರುಚಿ ಎರಡೂ ಒಟ್ಟಿಗೇ ಬರುತ್ತಿದ್ದವು. ನನಗೆ ನಿಲ್ಲಿಸಲು ಆಗಲಿಲ್ಲ.

"ಇಲ್ಲಿಗೆ ಮೊದಲು ಬಂದಿದ್ದೀಯಾ?" ಫೈರ್‌ಮ್ಯಾನ್ ಮೆಲ್ಲಗೆ ಕೇಳಿದ. ಅವನದು ರೈಲ್ವೆಯ ಹಿಂದಿ, ನನ್ನದು ಹೋಟೆಲಿನ ಹಿಂದಿ.

"ಇಲ್ಲ."

"ನಾನು ಬಂದಿದ್ದೇನೆ. ಕಮ್ ಖಾ, ಭಾಯ್. ಕಡಿಮೆ ತಿನ್ನು. ಖಾನೇ ಕೆ ಬಾದ್ ಕಾಮ್ ಹೈ."

ಊಟವಾದ ಮೇಲೆ ಏನು ಕೆಲಸ ಎಂದು ಕೇಳಿದೆ. ಸೇಠ್ ನಮ್ಮ ಕಡೆ ನೋಡಿದ್ದರಿಂದ ಅವನು ಸೂಪಿನ ಕಡೆ ಬಗ್ಗಿದ. ಭಾಷಣ ಮಾಡಿಸುತ್ತಾರೋ, ಫೋಟೋ ತೆಗೆಸುತ್ತಾರೋ ಎಂದುಕೊಂಡೆ. ಅಷ್ಟರಲ್ಲಿ ಮೀನು ಬಂತು.

ನಮ್ಮೂರಿನಲ್ಲಿ ಮಾಂಜಿ ಎನ್ನುವ, ಮುಂಬಯಿಯವರು ಪಾಪ್ಲೇಟ್ ಎನ್ನುವ ಮೀನು. ಮುಳ್ಳು ತೆಗೆದು, ಮತ್ತೆ ಮೊದಲಿನ ಆಕಾರಕ್ಕೇ ಜೋಡಿಸಿ, ಕಂದುಬಣ್ಣಕ್ಕೆ ಬಂದ ಬೆಣ್ಣೆ ಸುರಿದಿದ್ದರು. ಖಾರ ಇಲ್ಲ, ಹುಳಿ ಇಲ್ಲ, ತೆಂಗಿನಕಾಯಿ ಇಲ್ಲ. ಮೀನಿನ ಮೇಲೆ ಅಷ್ಟು ಮಸಾಲೆ ಹಾಕುತ್ತಿದ್ದ ನಮ್ಮವರು ಮೀನಿನ ರುಚಿ ನೋಡಿಯೇ ಇಲ್ಲವೇನೋ ಎಂದು ನನಗೆ ಆ ಹೊತ್ತಿಗೆ ಅನ್ನಿಸಿತು. ಒಡೆದ ಬಾಯಿಗೆ ಅಗಿಯುವ ಕಷ್ಟವನ್ನೂ ಅದು ಕೊಡಲಿಲ್ಲ. ಬೆಣ್ಣೆಯಲ್ಲಿ ನನ್ನದೇ ರಕ್ತ ಸ್ವಲ್ಪ ಸೇರಿತ್ತು. ಬಡಿಸುವವನು ಇನ್ನೊಂದು ತುಂಡು ಬೇಕೇ ಎಂದು ಬಾಗಿದ. ಬೇಕು ಎಂದೆ. ಫೈರ್‌ಮ್ಯಾನ್ ತನ್ನ ತಟ್ಟೆಯ ಮೀನನ್ನು ಚೂರಿಯಿಂದ ಅತ್ತಿತ್ತ ಸರಿಸುತ್ತಿದ್ದ. ಅದನ್ನು ತಿನ್ನುತ್ತಾನೋ ಇಲ್ಲವೋ ಎಂದು ನನ್ನ ಕಣ್ಣು ಅಲ್ಲೇ.

ಆಮೇಲೆ ಬೇಯಿಸಿದ ಕುರಿಯ ತೊಡೆ, ಪುದೀನದ ಗೊಜ್ಜು. ಬಲಗೈ ಬಾತುಹೋಗಿ ಚೂರಿ ಹಿಡಿಯಲು ಬರುತ್ತಿರಲಿಲ್ಲ. ಕೈಯಲ್ಲೇ ಎತ್ತಿಕೊಳ್ಳೋಣ ಎನ್ನುವಷ್ಟರಲ್ಲಿ ಫೈರ್‌ಮ್ಯಾನ್ ನನ್ನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ಮಾಂಸವನ್ನು ಸಣ್ಣ ಸಣ್ಣ ತುಂಡು ಮಾಡಿ ಹಿಂದಕ್ಕೆ ಸರಿಸಿದ.

"ಇದು ಸಾಕು. ಇದರ ಮೇಲೆ ಏನೂ ತಿನ್ನಬೇಡ," ಅಂದ. ತಲೆ ಬಗ್ಗಿಸಿಕೊಂಡೇ ಹೇಳಿದ: "ಕೊನೆಗೆ ಮೇಜು ಸರಿಸಿ ಹೊಡೆದಾಡಿಸುತ್ತಾರೆ. ಗ್ಲೌಸ್ ಇಲ್ಲದೆ. ನಾನು ನಿಧಾನ ಹೊಡೆಯುತ್ತೇನೆ. ನೀನು ಬೇಗ ಬಿದ್ದುಬಿಡು."

ನನಗೆ ನಂಬಿಕೆ ಬರಲಿಲ್ಲ. "ಮತ್ತೆ ನೀನು ಯಾಕೆ ಬಂದೆ?"

ಅವನು ಚಮಚದ ತುದಿಯಿಂದ ರೈಲ್ವೆ ಅಧಿಕಾರಿಯ ಕಡೆ ತೋರಿಸಿದ. "ಇಂಜಿನ್ ಡ್ರೈವರ್ ಪರೀಕ್ಷೆಗೆ ಹೆಸರು ಕಳಿಸೋದು ಆ ಸಾಹೇಬ."

ಆಗಲೇ ಏಳಬೇಕಿತ್ತು ಎಂದು ಈಗ ಯಾರಾದರೂ ಹೇಳಬಹುದು. ನನಗೆ ಹಸಿವಾಗಿತ್ತು. ನಾನು ಮಾಂಸ ತಿಂದೆ. ಆಮೇಲೆ ಬಂದ ಕಂದು ಸಕ್ಕರೆಪಾಕದ ನಡುಗುವ ಪುಡಿಂಗನ್ನೂ ತಿಂದೆ.

ಕಾಫಿ ಆದ ಮೇಲೆ ಸೇಠ್ ಚಪ್ಪಾಳೆ ತಟ್ಟಿದ. ಬಡಿಸುವವರು ಮೇಜನ್ನು ಗೋಡೆಗೆ ಸರಿಸಿ, ಕುರ್ಚಿಗಳನ್ನು ಸುತ್ತಲೂ ಇಟ್ಟು, ಹೊರಗೆ ಹೋದರು. ಅಣ್ಣನ ಮಗ ಬಾಗಿಲಿನ ಚಿಲಕ ಹಾಕಿದ.

"ಬೆಳಿಗ್ಗೆ ರೆಫರಿ ಬೇಗ ನಿಲ್ಲಿಸಿಬಿಟ್ಟ," ಸೇಠ್ ಹೇಳಿದ. "ಇವರಿಗೆ ಪೂರ್ತಿ ನೋಡಬೇಕಂತೆ. ಚಿಕ್ಕ ರೌಂಡ್, ಅಷ್ಟೇ."

ತೊಡೆಯ ಮೇಲೆ ಹಾಸಿಕೊಂಡಿದ್ದ ಬಿಳಿ ಕರವಸ್ತ್ರಗಳನ್ನೇ ನಮ್ಮ ಕೈಗೆ ಸುತ್ತಿಕೊಳ್ಳಲು ಹೇಳಿದರು. ಫೈರ್‌ಮ್ಯಾನ್ ನನ್ನ ಬಲಗೈಗೆ ಎರಡು ಸುತ್ತಿದ, ಹೆಬ್ಬೆರಳನ್ನು ಒಳಗೆ ಮಡಚಿ.  ನನ್ನ ಹೊಟ್ಟೆ ಭಾರವಾಗಿ ಪ್ಯಾಂಟಿನ ಪಟ್ಟಿಯನ್ನು ಒತ್ತುತ್ತಿತ್ತು.

ಶುರು ಮಾಡಿದೆವು. ಅವನು ನನ್ನ ಹೆಗಲಿಗೆ, ತೋಳಿಗೆ ಹೊಡೆದ. ಸಪ್ಪಳ ಜೋರು, ಪೆಟ್ಟು ಹಗುರ. ನಾನೂ ಹಾಗೇ ಮಾಡಿದೆ. ಒಂದು ಹಂತದಲ್ಲಿ ಅವನು ಕಣ್ಣಲ್ಲೇ ಬೀಳು ಎಂದ. ನಾನು ಬಿದ್ದೆ. ಬಿದ್ದ ರೀತಿ ಸರಿಹೋಗಲಿಲ್ಲವೇನೋ. ರೈಲ್ವೆ ಅಧಿಕಾರಿ ನಕ್ಕ. "ಇದು ನಾಟಕ," ಅಂದ. "ಪಾರ್ಸಿ ನಾಟಕ ಕಂಪನಿಯವರು ಇದಕ್ಕಿಂತ ಚೆನ್ನಾಗಿ ಸಾಯುತ್ತಾರೆ."

ಸೇಠನ ಮುಖ ಕೆಂಪಾಯಿತು. ಅತಿಥಿಗಳ ಮುಂದೆ ಅವನ ಮರ್ಯಾದೆ ಹೋಗಿತ್ತು. ಬೆತ್ತದಿಂದ ನೆಲ ಕುಟ್ಟಿ ಫೈರ್‌ಮ್ಯಾನ್‌ಗೆ, "ಸರಿಯಾಗಿ ಹೊಡಿ" ಎಂದ. ಫೈರ್‌ಮ್ಯಾನ್ ಕೈ ಇಳಿಬಿಟ್ಟು ನಿಂತ. "ಇವನ ಕೈ ಮುರಿದಿದೆ ಸಾಬ್," ಅಂದ. ಆಗ ಅಣ್ಣನ ಮಗ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ.

"ನಾನು ತೋರಿಸುತ್ತೇನೆ," ಅಂದ.

ಅವನು ಕೈಗೆ ಏನೂ ಸುತ್ತಿಕೊಳ್ಳಲಿಲ್ಲ. ಬೆರಳಲ್ಲಿ ಉಂಗುರವಿತ್ತು. ನಾನು ಇನ್ನೂ ಪೂರ್ತಿ ಎದ್ದಿರಲಿಲ್ಲ, ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ಹೊಟ್ಟೆಗೆ. ಉಸ್ತಾದರು ಅಷ್ಟು ದಿನ ಬಡಿದು ಗಟ್ಟಿ ಮಾಡಿದ್ದ ಹೊಟ್ಟೆ ತುಂಬಿಹೋಗಿತ್ತು, ಅದು ಏನನ್ನೂ ತಡೆಯಲಿಲ್ಲ. ನಾನು ಮಡಚಿಕೊಂಡು ಆ ರತ್ನಗಂಬಳಿಯ ಮೇಲೆ ಕಕ್ಕಿದೆ. ಸೂಪು, ಮೀನು, ಮಾಂಸ, ಪುಡಿಂಗ್ ಎಲ್ಲವನ್ನೂ. ಸುತ್ತ ಕೂತವರು ಕುರ್ಚಿ ಹಿಂದಕ್ಕೆ ಸರಿಸಿ ನಕ್ಕರು. ಬಗ್ಗಿದ್ದ ನನ್ನ ಮುಖಕ್ಕೆ ಅವನು ಮೂರನೆಯ ಏಟು ಕೊಟ್ಟ. ಅಲುಗಾಡುತ್ತಿದ್ದ ಹಲ್ಲುಗಳಲ್ಲಿ ಒಂದು ನಾಲಿಗೆಯ ಮೇಲೆ ಬಂತು.

ನನಗೆ ಸಿಟ್ಟು ಬಂದದ್ದು ಹಲ್ಲಿಗಲ್ಲ. ಆ ಮೀನಿಗೆ. ಅಂಥ ಮೀನನ್ನು ನಾನು ಮೊದಲ ಸಲ ತಿಂದಿದ್ದೆ, ಅದು ನನ್ನ ಮುಂದೆ ನೆಲದ ಮೇಲೆ ಬಿದ್ದಿತ್ತು, ಇವರು ನಗುತ್ತಿದ್ದರು. ಹೇಳಿಕೊಂಡರೆ ಹುಚ್ಚು ಎನ್ನಿಸುತ್ತದೆ. ಆದರೆ ನನ್ನ ಕಣ್ಣು ಕತ್ತಲಾದದ್ದು ಆ ಕಾರಣಕ್ಕೇ.

ಬಗ್ಗಿದಲ್ಲಿಂದಲೇ ತಲೆಯಿಂದ ಅವನ ಎದೆಗೆ ಗುದ್ದಿದೆ. ಅವನು ಹಿಂದಕ್ಕೆ ಮುಗ್ಗರಿಸಿದ. ಎಡಗೈಯಿಂದ ಪಕ್ಕೆಗೆ ಎರಡು ಕೊಟ್ಟೆ. ಅವನು ಕೈ ಕೆಳಗಿಳಿಸಿದ ಕೂಡಲೇ, ಮುರಿದ ಹೆಬ್ಬೆರಳಿದ್ದ ಬಲಗೈಯಿಂದಲೇ, ಗುಂಡುಕಲ್ಲು ತಿರುಗಿಸುವ ಹಾಗೆ ಇಡೀ ಹೆಗಲನ್ನು ತಿರುಗಿಸಿ ದವಡೆಗೆ ಬಾರಿಸಿದೆ. ಒಣ ಕಡ್ಡಿ ಮುರಿದಂಥ ಸದ್ದಾಯಿತು. ನನ್ನ ಕೈಯದೋ ಅವನ ದವಡೆಯದೋ ಗೊತ್ತಾಗಲಿಲ್ಲ. ಗೋಡೆಗೆ ಸರಿಸಿದ್ದ ಮೇಜಿನ ಅಂಚಿಗೆ ಅವನ ತಲೆ ಬಡಿಯಿತು. ಪಿಂಗಾಣಿ, ಚಮಚ, ಕಿತ್ತಲಿ ಎಲ್ಲವೂ ಬಟ್ಟೆಯ ಸಮೇತ ಅವನ ಮೇಲೆ ಬಂದವು. ವಿಸ್ಕಿಯ ವಾಸನೆ ಕೋಣೆಯಲ್ಲೆಲ್ಲ ಹರಡಿತು. ನಾನು ಅವನ ಎದೆಯ ಮೇಲೆ ಕೂತು ಇನ್ನೂ ಹೊಡೆಯುತ್ತಿದ್ದೆ. ಅವನ ಮುಖ ಮೆತ್ತಗಾಗುತ್ತಿರುವುದು ನನ್ನ ಗೆಣ್ಣುಗಳಿಗೆ ತಿಳಿಯುತ್ತಿತ್ತು. ನಿಲ್ಲಿಸಬೇಕೆಂದು ಅನ್ನಿಸಲಿಲ್ಲ.

ಫೈರ್‌ಮ್ಯಾನ್ ಹಿಂದಿನಿಂದ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿದ. "ಬಸ್," ಎನ್ನುತ್ತಿದ್ದ. "ಬಸ್, ಬಸ್. ಮರ್ ಜಾಯೇಗಾ." ಸಾಯುತ್ತಾನೆ ಎಂಬ ಮಾತು ಕೇಳಿ ನಾನು ಅವನ ಕಡೆ ತಿರುಗಿದೆ. ಅವನ ಹೆಗಲಿನಾಚೆ ಸೇಠ್ ಬೆತ್ತವನ್ನು ತಿರುಗಿಸಿ ಹಿಡಿದು, ಬೆಳ್ಳಿಯ ತುದಿ ಮೇಲಾಗಿ ಎತ್ತಿದ್ದ. ನನ್ನ ತಲೆಗೆ ಗುರಿಯಿಟ್ಟದ್ದು. ಫೈರ್‌ಮ್ಯಾನ್ ತಿರುಗಿ ಅದನ್ನು ನೋಡಿ ತನ್ನ ಎಡ ಮುಂಗೈ ಅಡ್ಡ ಹಿಡಿದ. ಈ ಸಲದ ಸದ್ದು ಯಾರದೆಂಬ ಅನುಮಾನವಿರಲಿಲ್ಲ. ಅವನ ಕೈ ಮಣಿಕಟ್ಟಿನ ಮೇಲೆ ಬೇರೆಯೇ ದಿಕ್ಕಿಗೆ ತಿರುಗಿತು. ಅವನು ಬಲಗೈಯಿಂದ ಬೆತ್ತ ಕಿತ್ತುಕೊಂಡು, ಸೇಠನ ಎದೆಗೆ ಅಂಗೈ ಇಟ್ಟು, ಕುರ್ಚಿಯಲ್ಲಿ ಕೂರಿಸಿದ. ಸೇಠ್ ಕೂತ. ರೈಲ್ವೆ ಅಧಿಕಾರಿ ಕಿಟಕಿಯ ಪರದೆಯ ಪಕ್ಕ ಅಂಟಿಕೊಂಡು ನಿಂತಿದ್ದ. ಫೈರ್‌ಮ್ಯಾನ್ ಅವನನ್ನು ಒಂದು ಕ್ಷಣ ನೋಡಿ, ಬೆತ್ತವನ್ನು ನೆಲಕ್ಕೆ ಹಾಕಿದ.

ಚಿಲಕ ಹಾಕಿದ್ದ ಬಾಗಿಲಿನ ಹೊರಗೆ ಜನ ಬಡಿಯುತ್ತಿದ್ದರು. ಅಷ್ಟರಲ್ಲಿ ಎದುರು ಗೋಡೆಯ ಪರದೆಯ ಹಿಂದಿನ ಇನ್ನೊಂದು ಚಿಕ್ಕ ಬಾಗಿಲು ತೆರೆಯಿತು. ನಮಗೆ ಮೀನು ಬಡಿಸಿದ್ದವನು ಅಲ್ಲಿ ನಿಂತು, "ಇಧರ್ ಸೇ" ಎಂದು ಕರೆದ. ಕಿರಿದಾದ ಮೆಟ್ಟಿಲು ಇಳಿದರೆ ಅಡುಗೆಮನೆ.

ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಅಡುಗೆಮನೆ ಅದುವರೆಗೆ ನೋಡಿರಲಿಲ್ಲ. ತಾಮ್ರದ ಪಾತ್ರೆಗಳು, ಉದ್ದನೆಯ ಒಲೆ, ಹೊರಗೆ ಬರದೆ ಒಳಗೇ ಉಳಿದಿದ್ದ ವಾಸನೆಗಳೆಲ್ಲ ಅಲ್ಲಿ. ಕೆಲಸದವರು ದಾರಿ ಬಿಟ್ಟರು. ನನ್ನ ಕೋಟಿನ ಮುಂಭಾಗದಲ್ಲಿ ರಕ್ತ, ವಾಂತಿ. ದಪ್ಪ ಮೀಸೆಯ ಗೋವಾದ ಮುಖ್ಯ ಬಾಣಸಿಗ ನನ್ನನ್ನು ತಡೆದು ಕೋಟು ಬಿಚ್ಚಿಸಿದ. ಅದು ಹೋಟೆಲಿನದು. ಅದನ್ನು ಮೂಲೆಗೆ ಎಸೆದು, ಮೇಲಿನ ಗಲಾಟೆಯ ಕಡೆ ಒಮ್ಮೆ ಕಿವಿಗೊಟ್ಟು, ಕೇಳಿದ:

"ಮೀನು ಹೇಗಿತ್ತು?"

"ಬಹಳ ಚೆನ್ನಾಗಿತ್ತು," ಅಂದೆ. ಮಾತಿನ ಜೊತೆ ರಕ್ತವೂ ಬಂತು.

"ಬೆಣ್ಣೆ ಹೆಚ್ಚು ಕೆಂಪಾಗಿರಲಿಲ್ಲ ತಾನೇ? ನನಗೆ ಅನುಮಾನ ಇತ್ತು."

"ಇಲ್ಲ."

ಅವನು ತಲೆಯಾಡಿಸಿ ಹಿಂಬಾಗಿಲು ತೋರಿಸಿದ. ಗಲ್ಲಿಯಲ್ಲಿ ಬೆಕ್ಕುಗಳು ಮೀನಿನ ತಲೆಗಾಗಿ ಕಚ್ಚಾಡುತ್ತಿದ್ದವು. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಫೈರ್‌ಮ್ಯಾನ್ ಮುರಿದ ಕೈಯನ್ನು ಎದೆಗೆ ಒತ್ತಿ ಹಿಡಿದು ನನ್ನ ಪಕ್ಕದಲ್ಲಿ ನಡೆದ. ಸರ್ಕಾರಿ ಆಸ್ಪತ್ರೆಯವರೆಗೆ ನಡೆದೇ ಹೋದೆವು. ದಾರಿಯಲ್ಲಿ ಅವನು, "ಡ್ರೈವರ್ ಆಗುವುದು ಮುಗಿಯಿತು," ಎಂದ.  

ಪೊಲೀಸರು ಬರುತ್ತಾರೆಂದು ದಿನವೂ ಕಾದೆ. ಬರಲಿಲ್ಲ. ದೂರು ಕೊಟ್ಟರೆ ಕಿತ್ತಲಿಯ ವಿಸ್ಕಿಯ ವಿಷಯವೂ ಹೇಳಬೇಕಲ್ಲ. ಬದಲಿಗೆ ಸೇಠನ ಮಿಲ್ಲಿನ ಜನ ಬಂದರು. ಒಂದು ಬೆಳಿಗ್ಗೆ ನಮ್ಮ ಹೋಟೆಲಿನ ಅಡುಗೆಮನೆಗೇ ನುಗ್ಗಿ, ಎಡಗೈಯಲ್ಲಿ ರುಬ್ಬುತ್ತಿದ್ದ ನನ್ನನ್ನು ಎಳೆದು ಹಾಕಿ ಲಾಠಿಯಿಂದ ಬಡಿದರು. ಹಿಟ್ಟಿನ ಪಾತ್ರೆ ಉರುಳಿತು. ನಾನು ಆ ಹಿಟ್ಟಿನಲ್ಲೇ ಹೊರಳಾಡಿದೆ. ಬೆನ್ನಿನ ಕೆಳಭಾಗದಲ್ಲಿ ಆ ಪೆಟ್ಟು ಇಂದಿಗೂ ಮಳೆಗಾಲದಲ್ಲಿ ಏಳುತ್ತದೆ. ನಮ್ಮ ಮಾಲೀಕರು ಒಳ್ಳೆಯವರೇ. ಆದರೆ ಗಿರಾಕಿಗಳು ಓಡಿಹೋಗಿದ್ದರು. "ಎಂತ ಮಾಡುವುದು ಮಾರಾಯ, ನಾನು ಹೋಟೆಲು ನಡೆಸಬೇಕಲ್ಲ," ಎಂದು ಹೇಳಿ ನನ್ನ ಟ್ರಂಕನ್ನು ತಾವೇ ಹೊರಗೆ ತಂದಿಟ್ಟರು.

ಉಸ್ತಾದರ ಹತ್ತಿರ ಹೋದೆ. ಎಲ್ಲ ಕೇಳಿದ ಮೇಲೆ, "ಎಡಗೈಲೆ ಪಕ್ಕೀಗ್ ಕೊಟ್ಟಿ, ಆಮ್ಯಾಲೆ ಬಲಗೈ?" ಎಂದು ಕೇಳಿದರು. ಹೌದು ಎಂದೆ. "ಹಂಗ ಮಾಡಬೇಕು," ಅಂದರು. ಆಮೇಲೆ ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ ಎತ್ತಿ ನೋಡಿ, ಇನ್ನು ಮುಂದೆ ನಾಗಪಾಡಾಕ್ಕೆ ಬರಬೇಡ ಎಂದರು. ನನ್ನ ಬಲಗೈ ಇನ್ನು ಗ್ಲೌಸ್ ಹಾಕುವ ಕೈಯಾಗಿರಲಿಲ್ಲ. ಅವರೇ ಯಾರಿಗೋ ಹೇಳಿ ವಿಕ್ರೋಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ನನ್ನನ್ನು ಸೇರಿಸಿದರು. ಅಲ್ಲೇ ಮೇಲೇರಿ, ಅಲ್ಲಿಂದಲೇ ನಿವೃತ್ತನಾದೆ. ಸೇಠನ ಅಣ್ಣನ ಮಗನ ದವಡೆಗೆ ತಂತಿ ಕಟ್ಟಿ, ಬಹಳ ದಿನ ಕೊಳವೆಯಿಂದ ಹಾಲು ಕುಡಿಸಿದರಂತೆ. ಈ ಸುದ್ದಿ ದೊಡ್ಡ ಹೋಟೆಲಿನ ಆ ಬಡಿಸುವವನಿಂದ ಬಂತು. ಅದನ್ನು ಕೇಳಿದ ದಿನ ನನಗೆ ಸಂತೋಷವಾಯಿತು. ಊಟಕ್ಕೆ ಕೂತಾಗ ಮಾತ್ರ ಅನ್ನ ಸೇರಲಿಲ್ಲ.

ಫೈರ್‌ಮ್ಯಾನ್‌ನ ಕೈ ಸೊಟ್ಟಗೆ ಕೂಡಿಕೊಂಡಿತು. ಸಲಿಕೆ ಹಿಡಿಯಲಾಗದೆ ರೈಲ್ವೆ ಬಿಟ್ಟ. ದಶಕ ಮುಗಿಯುತ್ತಾ ಬಂದಾಗ ಒಂದು ದಿನ ಅವನೇ ನನ್ನನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಬಂದ. ಬಿಳಿ ಬೂಟು, ಬಣ್ಣದ ಅಂಗಿ. ಅಂಧೇರಿಯ ಸ್ಟುಡಿಯೋಗಳಲ್ಲಿ ಸಿನಿಮಾದವರಿಗೆ ಹೊಡೆದಾಟ ಕಲಿಸುತ್ತಿದ್ದನಂತೆ.

"ಯಾರಿಗೂ ಪೆಟ್ಟು ಬೀಳುವುದಿಲ್ಲ," ಎಂದು ನಗುತ್ತಾ ಹೇಳಿದ. "ಮೂಗಿನ ಮುಂದೆ ಕೈ ಹಾದುಹೋಗಬೇಕು, ಅಷ್ಟೇ. ನಿನ್ನಂಥ ಹೆಗಲು ಬೇಕು ಅವರಿಗೆ. ಭಾನುವಾರ ಬಾ."

ಹೋದೆ. ತಗಡಿನ ಚಾವಣಿಯ ದೊಡ್ಡ ಶೆಡ್ಡು, ಒಳಗೆ ಹಲಗೆಯಲ್ಲಿ ಮಾಡಿದ ಒಂದು ಪುಂಡರ ಅಡ್ಡೆ, ಕಣ್ಣು ಕುಕ್ಕುವ ದೀಪಗಳು. ನನಗೆ ಪಟ್ಟೆ ಬನಿಯನ್ ತೊಡಿಸಿ ನಿಲ್ಲಿಸಿದರು. ಎದುರಿಗೆ ಒಬ್ಬ ಪಂಜಾಬಿ ಯುವಕ. ಅವನು ಬಾಟ್ಲಿ ಎತ್ತಬೇಕು, ನಾನು ದವಡೆಗೆ ಹೊಡೆದಂತೆ ಮಾಡಬೇಕು, ಅವನು ಬೀಳಬೇಕು. ಫೈರ್‌ಮ್ಯಾನ್ ತಾನೇ ಮಾಡಿ ತೋರಿಸಿದ. ಅವನ ಸೊಟ್ಟ ಕೈ ಗಾಳಿಯಲ್ಲಿ ಎಷ್ಟು ಚೆಂದ ಹಾದುಹೋಯಿತೆಂದರೆ ನನಗೂ ಪೆಟ್ಟು ಬಿದ್ದಂತೆ ಅನ್ನಿಸಿತು. ನಾನೂ ಎರಡು ಸಲ ಅಭ್ಯಾಸ ಮಾಡಿದೆ. ಚೆನ್ನಾಗಿದೆ ಎಂದರು. ಕ್ಯಾಮೆರಾ ಶುರುವಾಯಿತು. ಯುವಕ ನಗುತ್ತಾ ಬಾಟ್ಲಿ ಎತ್ತಿದ. ಆ ನಗು ಅವನ ಪಾತ್ರದ್ದು, ಅವನಿಗೆ ಹಾಗೆ ಹೇಳಿಕೊಟ್ಟಿದ್ದರು. ನನ್ನ ಹೆಗಲು ತಾನಾಗಿ ತಿರುಗಿತು.

ಎಲ್ಲರೂ ಓಡಿಬಂದು ಅವನಿಗೆ ಗಾಳಿ ಬೀಸಿದರು. ಬಾಯಿಂದ ರಕ್ತ ಬರುತ್ತಿತ್ತು. ಫೈರ್‌ಮ್ಯಾನ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಯಾವುದೂ ಬಿದ್ದಿರಲಿಲ್ಲ. ಆಮೇಲೆ ಎದ್ದು ಬಂದು ನನ್ನ ಭುಜ ಹಿಡಿದು ಗೇಟಿನವರೆಗೆ ನಡೆಸಿಕೊಂಡು ಹೋದ.

"ನಿನ್ನ ಕೈಲಿ ಇದು ಆಗುವುದಿಲ್ಲ, ಭಾಯ್," ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಕ್ಯಾಂಟೀನಿಗೆ ಹೋಗು. ಅನ್ನ ಬೇಯಿಸು."

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಬ್ಬ ಬಟಾಟೆವಡೆ ಕರಿಯುತ್ತಿದ್ದ. ನಿಂತು ಎರಡು ತಿಂದು, ಲೋಕಲ್ ಹತ್ತಿದೆ.